ಹೆಸರಿನ ಮುಂದಿನ ಚುಕ್ಕಿ

ಹೋದ ವರ್ಷ ದೀಪಾವಳಿಗೆ ಎಂಟು ದಿನ ಇರುವಾಗ ನಮ್ಮ ಟೈಪಿಂಗ್ ಸರ್ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. 'ಆಳಂದಕ್ಕೆ ಮೊಟ್ಟಮೊದಲು ಕಂಪ್ಯೂಟರ್ ತಂದವರು' ಎಂದು ಅದರಲ್ಲಿತ್ತು. ಓದಿ ನನಗೆ ಅಳುವಿನ ನಡುವೆಯೇ ನಗು ಬಂತು. ಸರ್ ಇದ್ದಿದ್ದರೆ 'ಮೊಟ್ಟಮೊದಲು' ಎಂಬ ಪದದ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, "ಇದನ್ನ ಯಾರು ಹೇಳಿದ್ರು? ಮನಿ ಮನಿ ಅಡ್ಡಾಡಿ ಎಣಿಸಿ ಬಂದವರು ಯಾರು?" ಎಂದು ಕೇಳುತ್ತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬೇಕಿಲ್ಲದ ಕಡೆ ಒಬ್ಬರ ಹೆಸರು ಹಾಕುವುದು ಅವರಿಗೆ ಸೇರುತ್ತಿರಲಿಲ್ಲ. ತಮ್ಮ ಸಂಸ್ಥೆಯ ಬೋರ್ಡಿನ ಮೇಲೂ ಬರೀ 'ಟೈಪಿಂಗ್ ಕಲಿಸಲಾಗುವುದು' ಎಂದಷ್ಟೇ ಬರೆಸಿದ್ದರು. ಆಳಂದದಲ್ಲಿ ಮೂವತ್ತು ವರ್ಷಗಳ ಹಿಂದೆ ಟೈಪಿಂಗ್ ಕಲಿತವರಿಗೆ ನಾನು ಯಾರ ಬಗ್ಗೆ ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ. ಉಳಿದವರಿಗೆ 'ಸರ್' ಎಂದರೆ ಸಾಕು.

ತೆಳ್ಳಗೆ, ಎತ್ತರವಾಗಿದ್ದರು. ಬಿಳಿ ಅರ್ಧ ತೋಳಿನ ಅಂಗಿ, ಹಣೆಯ ಮೇಲೆ ಅರ್ಧ ಅಳಿಸಿದ ವಿಭೂತಿ, ಕಿಸೆಯಲ್ಲಿ ಒಂದು ಪೆನ್ನು, ಒಂದು ಕೆಂಪು ಪೆನ್ಸಿಲು. ಏನಾದರೂ ಕೇಳಿದರೆ ತಕ್ಷಣ ಉತ್ತರ ಹೇಳುತ್ತಿರಲಿಲ್ಲ. ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಎರಡೂ ಗಾಜು ಒರೆಸಿ, ಮತ್ತೆ ಹಾಕಿಕೊಂಡ ಮೇಲೆಯೇ ಮಾತು. ಹೊಸದಾಗಿ ಬಂದ ಹುಡುಗಿಯರು ಇವರಿಗೆ ಕಿವಿ ಕೇಳುವುದಿಲ್ಲವೇನೋ ಎಂದುಕೊಳ್ಳುತ್ತಿದ್ದರು.

ಅವರು ಜೇವರ್ಗಿ ಕಡೆಯ ನೆಲೋಗಿಯವರು. ಎಪ್ಪತ್ತರ ದಶಕದಲ್ಲಿ ಅಫಜಲಪುರದ ಕೋರ್ಟಿನ ಹೊರಗೆ, ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು ಅರ್ಜಿ ಟೈಪ್ ಮಾಡಿಕೊಡುತ್ತಿದ್ದರು. ಅಲ್ಲಿ ಒಮ್ಮೆ ಗಂಡ ಸತ್ತ ಹೆಣ್ಣುಮಗಳೊಬ್ಬಳು ಬಂದು, ಮೈದುನ ತನ್ನ ಹೊಲ ಒತ್ತಿಕೊಂಡಿದ್ದಾನೆಂದು ಅರ್ಜಿ ಬರೆಸಿದಳಂತೆ. ಸರ್ ಹೊಸ ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಹೊಡೆದುಕೊಟ್ಟರು. ಆ ಕಾರ್ಬನ್ ಅಲ್ಲೇ ಗಿಡದ ಬುಡದಲ್ಲಿ ಬಿದ್ದಿತ್ತು. ಯಾರೋ ಅದನ್ನೆತ್ತಿ ಬಿಸಿಲಿಗೆ ಹಿಡಿದು, ಒಂದಕ್ಷರ ಬಿಡದೆ ಓದಿ, ಮೈದುನನಿಗೆ ಸುದ್ದಿ ಮುಟ್ಟಿಸಿದರು. ಅರ್ಜಿ ವಿಚಾರಣೆಗೆ ಬರುವ ಮೊದಲೇ ಅವಳ ತೆನೆಗಟ್ಟಿದ ಜೋಳದಲ್ಲಿ ದನ ಬಿಟ್ಟು ಮೇಯಿಸಿದರು.

"ಆಕಿ ಬಂದು ನನಗ ಬೈಲಿಲ್ಲ," ಎಂದು ಸರ್ ಹೇಳುತ್ತಿದ್ದರು. "ಯಾರು ಹೇಳಿದ್ರು ಅಂತ ಆಕಿಗಿ ಗೊತ್ತೇ ಆಗ್ಲಿಲ್ಲ. ನನಗ ಗೊತ್ತಿತ್ತು."

ಆಮೇಲೆ ಅವರು ಆಳಂದಕ್ಕೆ ಬಂದು ಟೈಪಿಂಗ್ ಸಂಸ್ಥೆ ಹಾಕಿದರು. ಪ್ರತಿ ಸಂಜೆ ಐದೂವರೆಯ ಬ್ಯಾಚ್ ಮುಗಿದ ಮೇಲೆ ಆ ದಿನದ ಕಾರ್ಬನ್‌ಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ತಾವೇ ಸುಡುತ್ತಿದ್ದರು. ಹುಡುಗರು ಕಲಿಯಲು ಹೊಡೆದ 'ಪೂಜ್ಯ ತಂದೆಯವರಿಗೆ' ಎಂಬ ಪತ್ರದ ಕಾರ್ಬನ್ ಇದ್ದರೂ ಸುಡುತ್ತಿದ್ದರು. ಆ ಮೇಣದ ಕಮಟು ವಾಸನೆ ನಮ್ಮೆಲ್ಲರ ಬಟ್ಟೆಗೂ ಹತ್ತಿಕೊಂಡಿರುತ್ತಿತ್ತು.

ನಾನು ಅಲ್ಲಿಗೆ ಸೇರಿದ್ದು ಎಂಬತ್ತರ ದಶಕದ ಕೊನೆಗೆ. ಹದಿನೇಳನೆಯ ವಯಸ್ಸಿಗೆ ನನಗೆ ಟಿ.ಬಿ. ಆಗಿತ್ತು. ಒಂದೂವರೆ ವರ್ಷ ಗುಳಿಗೆ ತಿಂದು, ಸೂಜಿ ಚುಚ್ಚಿಸಿಕೊಂಡು ಪೂರಾ ಗುಣವಾದೆ. ಆದರೆ ಮನೆಯಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ಕೇಳಿದವರಿಗೆ ಅವ್ವ "ಅಶಕ್ತಿ ಇತ್ರಿ" ಎನ್ನುತ್ತಿದ್ದಳು. ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ ನನ್ನನ್ನು ಕಲಬುರಗಿಯ ಕಾಲೇಜಿಗೆ ಕಳಿಸಲು ಅಂಜಿ, ಹತ್ತಿರದಲ್ಲೇ ಇರಲೆಂದು ಟೈಪಿಂಗಿಗೆ ಹಾಕಿದರು. ಎರಡು ವರ್ಷದಲ್ಲಿ ಇಂಗ್ಲಿಷು, ಕನ್ನಡ ಎರಡರಲ್ಲೂ ಸೀನಿಯರ್ ಪರೀಕ್ಷೆ ಮುಗಿಸಿದೆ. ಸರ್ ನನ್ನನ್ನೇ ಹೆಣ್ಣುಮಕ್ಕಳ ಬ್ಯಾಚಿಗೆ ಕಲಿಸಲು ಇಟ್ಟುಕೊಂಡರು.

ಕಲಬುರಗಿಯಿಂದ ಹತ್ತರ ಬಸ್ಸಿಗೆ ಪೇಪರ್ ಬರುತ್ತಿತ್ತು. ಹನ್ನೊಂದರ ಬ್ಯಾಚ್ ಬಿಟ್ಟ ಮೇಲೆ ಸರ್ ಅದನ್ನು ಟೇಬಲ್ ತುಂಬ ಹರಡಿ, ಕೆಂಪು ಪೆನ್ಸಿಲ್ ಹಿಡಿದು ನಿಂತುಕೊಂಡೇ ಓದುತ್ತಿದ್ದರು. ಎದುರಿಗೆ ಇದ್ದವರು ಕೇಳಲೇಬೇಕು. "ಮೊದಲ ಯಾರು ಹೇಳಿದ್ರು ನೋಡ್ರಿ. ಏನು ಹೇಳಿದ್ರು ಅನ್ನೋದು ಆಮ್ಯಾಲ," ಎನ್ನುತ್ತಿದ್ದರು. 'ಎನ್ನಲಾಗಿದೆ', 'ತಿಳಿದುಬಂದಿದೆ' ಎಂಬ ಪದಗಳ ಕೆಳಗೆ ಕೆಂಪು ಗೆರೆ. "ಯಾರು ಅಂದ್ರು? ಯಾರಿಗಿ ತಿಳೀತು?" ಕೆಲವು ದಿನ ಪೇಪರಿನ ತುಂಬ ಗೆರೆಗಳೇ. ಆ ದಿನ ಅವರಿಗೆ ಬಲು ಖುಷಿ.

ಒಮ್ಮೆ ಟೈಪಿಂಗ್ ಪರೀಕ್ಷೆಯೇ ರದ್ದಾಗುತ್ತದೆಂದು ಊರಲ್ಲಿ ಗಾಳಿಸುದ್ದಿ ಹಬ್ಬಿತು. ಹುಡುಗರು ಒಬ್ಬೊಬ್ಬರಾಗಿ ಬಿಡತೊಡಗಿದರು. ಸರ್ ಒಬ್ಬೊಬ್ಬರನ್ನೂ ಕೂಡಿಸಿ, "ನಿನಗ ಯಾರು ಹೇಳಿದ್ರು? ಅವರಿಗಿ ಯಾರು ಹೇಳಿದ್ರು?" ಎಂದು ಕೇಳುತ್ತ ಹಿಂದೆ ಹಿಂದೆ ಹೋದರು. ಮೂರು ದಿನದಲ್ಲಿ ಸುದ್ದಿಯ ಬುಡ ಸಿಕ್ಕಿತು. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ ಹುಡುಗನೊಬ್ಬ ಮನೆಯಲ್ಲಿ ಬೈಗುಳ ತಪ್ಪಿಸಿಕೊಳ್ಳಲು ಹಾಗೆ ಹೇಳಿದ್ದ. ಸರ್ ಅವನ ಹೆಸರು ಯಾರಿಗೂ ಹೇಳಲಿಲ್ಲ. ಮೂರನೆಯ ಸಲ ಪಾಸಾಗುವವರೆಗೆ ಅವನನ್ನು ತಮ್ಮ ಟೇಬಲ್ಲಿನ ಪಕ್ಕದಲ್ಲೇ ಕೂಡಿಸಿಕೊಂಡು ಹೊಡೆಸಿದರು. ಬುಡ ಸಿಕ್ಕ ಸಂಗತಿ ನನಗೆ ತಿಳಿದದ್ದೂ ಆ ಹುಡುಗನಿಂದಲೇ, ಎಷ್ಟೋ ವರ್ಷದ ಮೇಲೆ.

ಕಂಪ್ಯೂಟರ್ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಸೊಲ್ಲಾಪುರದಲ್ಲಿ ಯಾರೋ ಬಳಸಿ ಬಿಟ್ಟದ್ದು. ಸರ್ ಮನೆಯಿಂದ ನಾಲ್ಕು ಕೌದಿ ಒಯ್ದು, ಅದರಲ್ಲಿ ಸುತ್ತಿ, ಬಾಡಿಗೆ ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅವರು ಬಾಗಿಲಲ್ಲಿ ನಿಂತು, "ಮದುವ್ಯಾಗಿ ಬಂದಾಗ ನನಗೂ ಇಷ್ಟು ಜ್ವಾಕಿಲೆ ಇಳಿಸಿಕೊಂಡಿರ್ಲಿಲ್ಲ ನೋಡು ತಂಗಿ," ಎಂದರು. ಸರ್ ಕನ್ನಡಕ ಒರೆಸಿಕೊಂಡರು. ಆ ಸಲ ಒರೆಸಿದ ಮೇಲೂ ಉತ್ತರ ಬರಲಿಲ್ಲ.

ಕಪ್ಪು ಪರದೆ, ಹಸಿರು ಅಕ್ಷರ. ಕರೆಂಟು ಹೋದರೆ ಅರ್ಧ ತಾಸಿನ ಕೆಲಸ ಹೋದಂತೆಯೇ. ಪ್ರೋಗ್ರಾಂ ಎಂದರೇನೆಂದು ತಿಳಿಸಲು ಸರ್ ಒಂದು ದಿನ ನೆಲೋಗಿಯಿಂದ ಬಂದಿದ್ದ ತಮ್ಮ ಊರಿನ ಮುದುಕರೊಬ್ಬರನ್ನು ಎಲ್ಲರ ಮುಂದೆ ನಿಲ್ಲಿಸಿ, "ಯಜಮಾನ್ರ, ರುಮಾಲು ಹೆಂಗ ಸುತ್ತಬೇಕು ಹೇಳ್ರಿ. ನೀವು ಹೇಳಿದಷ್ಟೇ ಮಾಡ್ತೀನಿ," ಎಂದರು. ಮುದುಕರು, "ತಲಿಗಿ ಸುತ್ತಪಾ" ಎಂದರು. ಸರ್ ಮಡಿಕೆ ಬಿಚ್ಚದೆ ಇಡೀ ಬಟ್ಟೆಯನ್ನು ತಲೆಗೆ ಒತ್ತಿಕೊಂಡು ಗಿರಕಿ ಹೊಡೆದರು. "ಬಿಚ್ಚಿ ಸುತ್ತೋ!" ಎಂದರೆ ಬಿಚ್ಚಿ, ಕಣ್ಣು ಮೂಗೆಲ್ಲ ಮುಚ್ಚಿ ಸುತ್ತಿಕೊಂಡರು. ಒಳಗಿನಿಂದ ದನಿ ಬಂತು: "ಕಣ್ಣು ಬಿಟ್ಟು ಸುತ್ತು ಅಂತ ನೀವು ಹೇಳ್ಲಿಲ್ಲಲ್ರಿ." ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ರುಮಾಲು ಬಿಚ್ಚಿ ಅವರು ಹೇಳಿದರು: "ಕಂಪ್ಯೂಟರ್ ತಪ್ಪು ಮಾಡ್ತು ಅಂತ ಯಾರೂ ನನ್ನ ಮುಂದ ಅನಬ್ಯಾಡ್ರಿ. ಹೇಳಿದಾವನ ತಪ್ಪು ಅದು."

ಅದೇ ದಿನಗಳಲ್ಲಿ ಕಂಪ್ಯೂಟರಿಗೆ ವೈರಸ್ ಬರುತ್ತದೆಂದು ಪೇಪರಿನಲ್ಲಿ ಸುದ್ದಿ ಬಂತು. ನಮಗೆ ಚಹಾ ತಂದುಕೊಡುತ್ತಿದ್ದ ಮಹಬೂಬ್ ಚಾಚಾ ಹೊಸ್ತಿಲ ಹೊರಗೇ ನಿಂತು, ಹೆಗಲ ಟವೆಲ್ಲು ಮೂಗಿಗೆ ಹಿಡಿದುಕೊಂಡು, "ಮಾಸ್ತರ್, ಗ್ಲಾಸು ಇಲ್ಲೇ ಇಡ್ತೀನ್ರಿ. ಅದಕ್ಕ ಜಡ್ಡು ಬಂದದಂತಲ್ಲ," ಎಂದರು.

"ಚಾಚಾ, ನಿಮಗ ಎಂದಾರೆ ಅಂಥಾ ಕಾರ್ಡು ಬಂದಿತ್ತೇನು? ಇದನ್ನ ಹನ್ನೊಂದು ಮಂದಿಗಿ ಬರದು ಹಾಕ್ರಿ, ಇಲ್ಲಂದ್ರ ಮನ್ಯಾಗ ಕೇಡು ಆಗ್ತದ ಅಂತ?"

"ಬಂದಿತ್ರಿ. ಮಗನ ಕಡಿಂದ ಬರಸಿ ಹಾಕೀನಿ."

"ವೈರಸ್ ಅಂದ್ರ ಅದೇ ಕಾರ್ಡು. ಮನುಷ್ಯಾಗ ಹತ್ತಂಗಿಲ್ಲ. ಕಂಪ್ಯೂಟರಿಗಿ ಅಂಥಾ ಕಾರ್ಡು ಹೋದ್ರ ನಿಮ್ಮಂಗೇ ಅಂಜಿ ಮತ್ತೊಂದಕ್ಕ ಬರದು ಹಾಕ್ತದ."

ಚಾಚಾ ಮೂಗಿನ ಟವೆಲ್ಲು ಕೆಳಗಿಳಿಸಿ, "ತೌಬಾ, ಹಂಗಾದ್ರ ಹನ್ನೊಂದು ಮನಿಗಿ ನಾನೇ ಜಡ್ಡು ಹಚ್ಚೀನಿ," ಎಂದು ಒಳಗೆ ಬಂದು, ಗ್ಲಾಸುಗಳನ್ನು ಟೇಬಲ್ ಮೇಲಿಟ್ಟರು.

ಆ ಯಂತ್ರದಿಂದ ಊರಿಗೆ ಏನಾದರೂ ಉಪಯೋಗವಾಗಬೇಕೆಂದು ಸರ್‌ಗೆ ಆಸೆ. ಬಸ್ ನಿಲ್ದಾಣದ ಹತ್ತಿರ ದವಾಖಾನೆ ಇಟ್ಟಿದ್ದ ಡಾಕ್ಟರೊಬ್ಬರಿದ್ದರು. ಅವರಲ್ಲಿ ಹಳೆಯ ರೋಗಿ ಬಂದರೆ ಮೊದಲು ಏನು ಔಷಧ ಕೊಟ್ಟಿತ್ತೆಂದು ದಪ್ಪ ದಪ್ಪ ರಿಜಿಸ್ಟರು ತಿರುವಿ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡುತ್ತೇನೆಂದು ಸರ್ ತಾವೇ ಒಪ್ಪಿಕೊಂಡು ಪ್ರೋಗ್ರಾಂ ಮಾಡಿದರು. ಹೆಸರು, ಊರು, ವಯಸ್ಸು, ರೋಗ, ಔಷಧ. ಟೈಪ್ ಮಾಡಿ ತುಂಬುವ ಕೆಲಸ ನನ್ನದು. ದಿನಾ ಮಧ್ಯಾಹ್ನ ಎರಡು ತಾಸು.

ನಾನೂರು ಹೆಸರು ಮುಗಿಯುತ್ತ ಬಂದಾಗ ಒಂದು ಹಳೆಯ ರಿಜಿಸ್ಟರಿನ ಪುಟ ತಿರುವಿದೆ. ನನ್ನದೇ ಹೆಸರು. ಅಪ್ಪನ ಹೆಸರು, ವಯಸ್ಸು ಹದಿನೇಳು. ಪಕ್ಕದಲ್ಲಿ ಎರಡೇ ಅಕ್ಷರ: ಟಿ.ಬಿ.

ಆಗ ನನಗೆ ಇಪ್ಪತ್ನಾಲ್ಕು. ಕಡಗಂಚಿ ಕಡೆಯ ಹೈಸ್ಕೂಲೊಂದರಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಹುಡುಗನೊಬ್ಬನ ಸಂಬಂಧ ನಡೆದಿತ್ತು. ನಮ್ಮ ಸಂಸ್ಥೆ ಇದ್ದ ಕಟ್ಟಡದ ಮಾಲಕರಾದ ಸಾವ್ಕಾರ್ರು ಆ ಹುಡುಗನ ಕಾಕಾ. ಡಾಕ್ಟರಿಗೆ ಲೆಕ್ಕ ಒಪ್ಪಿಸಬೇಕಲ್ಲ ಎಂದು ನನ್ನ ವಿವರವನ್ನೂ ಟೈಪ್ ಮಾಡಿದೆ. ಮುಂದಿನ ಹೆಸರಿಗೆ ಹೋದೆ. ತಡೆಯಲಾಗಲಿಲ್ಲ. ಹಿಂದೆ ಬಂದು, ಸರ್ ಕಲಿಸಿದ ಹಾಗೆಯೇ 'ಅಳಿಸು' ಎಂದು ಆಜ್ಞೆ ಕೊಟ್ಟೆ. ಎದೆ ಹಗುರಾಯಿತು.

ಶನಿವಾರ ಸರ್ ಎಲ್ಲವನ್ನೂ ಇನ್ನೊಂದು ಫ್ಲಾಪಿಗೆ ನಕಲು ಮಾಡುತ್ತಿದ್ದರು. ಆ ಶನಿವಾರ ಬ್ಯಾಚ್ ಬಿಟ್ಟ ಮೇಲೆ ನನ್ನನ್ನು ಕರೆದರು.

"ತಂಗಿ, ಇಲ್ಲಿ ಬಾ. ಕೂಡು."

ಪರದೆಯ ಮೇಲೆ ಹೆಸರುಗಳು ಸಾಲಾಗಿ ನಿಂತಿದ್ದವು. ನನ್ನ ಹೆಸರೂ ಇತ್ತು. ಅಷ್ಟೇ ಅಲ್ಲ, ಅದರ ಮುಂದೆ ಒಂದು ಚುಕ್ಕಿ ಮಿನುಗುತ್ತಿತ್ತು. ಬೇರೆ ಯಾರ ಹೆಸರಿಗೂ ಇಲ್ಲದ ಚುಕ್ಕಿ.

"ಅಳಸು ಅಂದ್ರ ಇದು ಅಳಸಂಗಿಲ್ಲ," ಎಂದರು ಸರ್. ಅವರ ಬೆರಳು ಚುಕ್ಕಿಯ ಮೇಲಿತ್ತು. ಹೆಸರನ್ನು ಅವರು ಓದಲಿಲ್ಲ. "ಅಳಸ್ಯಾರ ಅಂತ ಗುರುತು ಮಾಡಿ ಇಟ್ಟುಕೊಳ್ತದ. ಇನ್ನೊಂದು ಆಜ್ಞಾ ಕೊಡೋತನ ಒಳಗೇ ಇರ್ತದ."

ನಾನೂರು ಸಾಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದ ಹೆಸರಿಗೆ ನಾನೇ ದೀಪ ಹಚ್ಚಿಟ್ಟಿದ್ದೆ. ಅಳು ಬಂತು. ಸಂಬಂಧದ ವಿಷಯ, ಸಾವ್ಕಾರ್ರ ವಿಷಯ ಎಲ್ಲ ಹೇಳಿದೆ. "ಪೂರಾ ತೆಗದುಬಿಡ್ರಿ ಸರ್," ಎಂದೆ.

ಸರ್ ಪರದೆ ಆರಿಸಿದರು. ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಒರೆಸಿದರು.

"ತೆಗೀಬಹುದು. ನಾಳೆ ನಿನಗ ಕೆಮ್ಮು ಬಂತಂದ್ರ ಮೊದಲ ಯಾವ ಗುಳಗಿ ತಿಂದೀ ಅಂತ ಡಾಕ್ಟರ್‌ಗಿ ಗೊತ್ತಾಗಬೇಕಲ್ಲ?" ಎಂದರು. ಆಮೇಲೆ ಹೇಳಿದರು: "ಮತ್ತ ಇಲ್ಲಿ ನಾನೂರು ಮಂದಿ ಅದಾರ ತಂಗಿ. ಒಬ್ಬಾಕಿ ತನ್ನ ಹೆಸರು ನೋಡಿ ಅಂಜಿದಳು. ಉಳಿದವರಿಗಿ ನೋಡ್ಲಿಕ್ಕಿ ಸಿಕ್ಕಿಲ್ಲ, ಅಷ್ಟೇ. ತಪ್ಪು ನಿಂದಲ್ಲ. ಮಂದಿ ಹೆಸರೂ ಜಡ್ಡೂ ಒಂದೇ ಸಾಲಿನ್ಯಾಗ ಕೂಡಿಸಿಟ್ಟಾವ ನಾನು."

ಅವತ್ತು ಅವರ ಮುಖ ನೋಡಿದಾಗ, ಅಫಜಲಪುರದ ಬೇವಿನ ಗಿಡದ ಕೆಳಗೆ ಕೂತಿದ್ದ ಆ ಹೆಣ್ಣುಮಗಳು ಇವರ ಕಣ್ಣ ಮುಂದೆ ಬಂದಿರಬೇಕು ಎನಿಸಿತು.

ಸೋಮವಾರ ನನ್ನನ್ನೂ ಕರೆದುಕೊಂಡು ದವಾಖಾನೆಗೆ ಹೋದರು. ಡಾಕ್ಟರು, "ಏನ್ ಮಾಸ್ತರ, ಕೆಲಸ ಮುಗೀಲಿಕ್ಕಿ ಬಂದದ, ಈಗ ಹಿಂದಕ್ಕ ಹೋಗ್ತೀನಿ ಅಂತೀರಿ?" ಎಂದು ಬೇಸರಪಟ್ಟರು. ಸರ್ ಅವರನ್ನೇ ಕೇಳಿದರು: "ನಿಮ್ಮದೂ ನಿಮ್ಮ ಮನಿಯವರದೂ ಇದರಾಗ ಬರದು, ನನ್ನ ಬಲ್ಲಿ ಬಿಟ್ಟು ಹೋಗ್ತೀರೇನ್ರಿ?" ಡಾಕ್ಟರು ರಿಜಿಸ್ಟರುಗಳನ್ನು ಮತ್ತೆ ನಮ್ಮ ಕಡೆ ಸರಿಸಿದರು. ಒಂದು ತಿಂಗಳು ಕೂತು ಎಲ್ಲ ಹೊಸದಾಗಿ ಮಾಡಿದೆವು. ಕಂಪ್ಯೂಟರಿನಲ್ಲಿ ನಂಬರ್ ಮಾತ್ರ. ಯಾವ ನಂಬರ್ ಯಾರದೆಂಬುದು ಒಂದು ತೆಳ್ಳನೆಯ ನೋಟ್‌ಬುಕ್ಕಿನಲ್ಲಿ, ಅದು ಡಾಕ್ಟರರ ಕಪಾಟಿನಲ್ಲಿ, ಕೀಲಿ ಅವರ ಜನಿವಾರಕ್ಕೆ. ಹಳೆಯ ಫ್ಲಾಪಿಗಳನ್ನು ಸರ್ ಬಿಚ್ಚಿ, ಒಳಗಿನ ಕರಿ ಬಿಲ್ಲೆಗಳನ್ನು ಕತ್ತರಿಯಿಂದ ಚೂರು ಚೂರು ಮಾಡಿದರು.

ಅದಾಗಿ ಎಂಟು ಹತ್ತು ದಿನಕ್ಕೆ ಸಾವ್ಕಾರ್ರು ಬಂದರು. ಬ್ಯಾಚ್ ಇರಲಿಲ್ಲ. ನಾನು ಒಳಗಿನ ಕೋಣೆಯಲ್ಲಿ ಕನ್ನಡ ಯಂತ್ರದ ಧೂಳು ತೆಗೆಯುತ್ತಿದ್ದೆ. ನಾನಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

"ಮಾಸ್ತರ, ಡಾಕ್ಟರ್ ದವಾಖಾನಿ ಪೂರಾ ನಿಮ್ಮ ಡಬ್ಬಿಯೊಳಗ ಕೂತದಂತಲ್ಲ?" ಎಂದರು ಸಾವ್ಕಾರ್ರು. "ನಮ್ಮಣ್ಣನ ಮಗಗ ಒಂದು ಸಂಬಂಧ ನೋಡಾಕತ್ತೇವಿ. ಹುಡುಗಿ ನಿಮ್ಮಲ್ಲೇ ಕಲಸ್ತಾಳ. ಸಣ್ಣಾಕಿದ್ದಾಗ ಭಾಳ ದಿನ ಮಲಗಿದ್ದಳಂತ ಮಂದಿ ಅಂತಾರ. ಏನು ಜಡ್ಡಿತ್ತು, ಜರಾ ನೋಡಿ ಹೇಳ್ರಿ."

ಅದರಲ್ಲಿ ಹೆಸರೇ ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಅದು ನಿಜವೂ ಆಗಿತ್ತು. ಸರ್ ಹಾಗೆನ್ನಲಿ ಎಂದು ನಾನು ಕಾದೆ. ಗಾಜು ಒರೆಸುವಷ್ಟು ಹೊತ್ತು ಮಾತಿಲ್ಲ.

"ಅದು ಕೇಳೋ ಮಾತಲ್ರಿ ಸಾವ್ಕಾರ್ರ. ನಾ ಹೇಳಂಗಿಲ್ಲ."

"ಹೇಳಂಗಿಲ್ಲಂದ್ರ ಏನೋ ಅದ ಅಂತಾಯ್ತಲ್ಲ?"

"ಆಗಂಗಿಲ್ರಿ. ನಾಳೆ ನಿಮ್ಮ ಮನಿ ಮಗಳ ಬಗ್ಗೆ ಯಾರರೆ ಬಂದು ಕೇಳಿದ್ರೂ ಇದೇ ಮಾತು ಹೇಳ್ತೇನಿ. ಇದ್ರೂ ಹೇಳಂಗಿಲ್ಲ, ಇರದಿದ್ರೂ ಹೇಳಂಗಿಲ್ಲ."

ಸಾವ್ಕಾರ್ರ ದನಿ ಗಟ್ಟಿಯಾಯಿತು. "ಈ ಖೋಲಿ ಯಾರದು ಅನ್ನೋದು ನೆನಪದಲ್ಲ?"

"ನಿಮ್ಮದ್ರಿ."

"ದಸರಾ ತನಕ ಖಾಲಿ ಮಾಡ್ರಿ."

"ಆಯ್ತ್ರಿ. ಚಾ ಬಂದದ, ತಗೋರಿ."

ಸಾವ್ಕಾರ್ರು ಚಹಾ ಕುಡಿಯದೆ ಹೋದರು. ನಾನು ಹೊರಗೆ ಬಂದು, "ಹೆಸರಿಲ್ಲ ಅಂದಿದ್ರ ಆಗ್ತಿತ್ತಲ್ರಿ ಸರ್!" ಎಂದು ಹೆಚ್ಚುಕಡಿಮೆ ಬೈದೆ.

"ಹೆಸರಿಲ್ಲ ಅಂದಿದ್ರ ಡಾಕ್ಟರ್ ಬಲ್ಲಿ ಹೋಗಿ ನೋಟ್‌ಬುಕ್ ಕೇಳ್ತಿದ್ರು. ಅಲ್ಲೂ ಸಿಗದಿದ್ರ ಔಷಧದ ಅಂಗಡಿಗಿ ಹೋಗ್ತಿದ್ರು. ಕೇಳಬಾರದು ಅಂತ ಯಾರರೆ ಒಬ್ರು ಅವರಿಗಿ ಹೇಳಬೇಕಿತ್ತು ತಂಗಿ," ಎಂದರು. ಆಮೇಲೆ ಸಾವ್ಕಾರ್ರ ಗ್ಲಾಸನ್ನು ನನ್ನತ್ತ ಸರಿಸಿದರು. "ಕುಡಿ. ಆರ್ತದ."

ಹೊಸ ಜಾಗ ಹುಡುಕಿಕೊಟ್ಟವರು ಮಹಬೂಬ್ ಚಾಚಾ. ಹಿಂದೊಮ್ಮೆ ಸೋಡಾ ಕಾರಖಾನೆ ಇದ್ದ ತಗಡಿನ ಶೆಡ್ಡು. ದಸರೆಗೆ ನಾಲ್ಕು ದಿನ ಮುಂಚೆ ನಾವು ಹದಿನಾಲ್ಕು ಟೈಪ್‌ರೈಟರುಗಳನ್ನು ಕೈಯಲ್ಲೇ ಹೊತ್ತು ಸಾಗಿಸಿದೆವು. ಮುಂದೆ ಸರ್, ಎದೆಗೆ ಕಂಪ್ಯೂಟರ್ ಪರದೆ ಅಪ್ಪಿಕೊಂಡು. ಹಿಂದೆ ನಾವು, ಕಡೆಗೆ ಬೋರ್ಡು ಹಿಡಿದ ಅಕ್ಕಾರು. ಬಜಾರಿನವರು ಅಂಗಡಿಯಿಂದ ಹೊರಗೆ ಬಂದು ನೋಡಿದರು. ತಗಡಿನ ಕೆಳಗೆ ಬೇಸಿಗೆಯಲ್ಲಿ ಕಂಪ್ಯೂಟರ್ ಸೆಕೆಗೆ ನಿಂತುಬಿಡುತ್ತಿತ್ತು. ಅಕ್ಕಾರು ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಿದ್ದರು. "ನನ್ನ ಸವತಿಗಿ ಭಾಳ ನಾಜೂಕು," ಎನ್ನುತ್ತಿದ್ದರು. ಒಬ್ಬ ವಿದ್ಯಾರ್ಥಿಯೂ ಬಿಟ್ಟು ಹೋಗಲಿಲ್ಲ.

ನನ್ನ ಸಂಬಂಧದ ಮಾತು ಇನ್ನೂ ನಿಂತಿರಲಿಲ್ಲ. ಹುಡುಗನಿಗೆ ಹೇಳಬೇಕೋ ಬೇಡವೋ ಎಂದು ಸರ್ ಅವರನ್ನೇ ಕೇಳಿದೆ. "ಅದು ನಿಂದು," ಎಂದರು. "ನಂದಲ್ಲ, ಮಶೀನಿಂದಲ್ಲ, ನಿಮ್ಮಪ್ಪಂದೂ ಅಲ್ಲ. ಹೇಳಬೇಕಂತ ಅನಿಸಿದ್ರ ಹೇಳು, ಬ್ಯಾಡಂದ್ರ ಬ್ಯಾಡ. ಎರಡೂ ಸರಿ." ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಆಗ ಸಿಟ್ಟು ಬಂದಿತ್ತು. ಜಡ್ಡಾದಾಗಿನಿಂದ ನನ್ನ ವಿಷಯದಲ್ಲಿ ಎಲ್ಲರೂ ತಾವೇ ನಿರ್ಧರಿಸುತ್ತಿದ್ದರು. ನನ್ನದನ್ನು ನನ್ನ ಕೈಗೇ ಕೊಟ್ಟವರು ಇವರೊಬ್ಬರೇ ಎಂಬುದು ಆಮೇಲೆ ತಿಳಿಯಿತು.

ಅಮಾವಾಸ್ಯೆಗೆ ಎರಡೂ ಮನೆಯವರು ಜಿಡಗಾ ಮಠದಲ್ಲಿ ಕೂಡಿದ್ದೆವು. ಪ್ರಸಾದ ಆದ ಮೇಲೆ ಹಿರಿಯರು ನಮ್ಮಿಬ್ಬರನ್ನು ಮಾತಾಡಲು ಬಿಟ್ಟರು. ನಾನು ನೆಲ ನೋಡುತ್ತ ಒಂದೇ ಉಸಿರಿನಲ್ಲಿ ಹೇಳಿದೆ: "ನನಗ ಹದಿನೇಳು ವರ್ಷಕ್ಕ ಟಿ.ಬಿ. ಆಗಿತ್ರಿ. ಒಂದೂವರೆ ವರ್ಷ ಗುಳಗಿ ತಿಂದು ಪೂರಾ ಆರಾಮ ಆಗೇನಿ."

ಹುಡುಗ ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡರು. "ಇಷ್ಟೇ ಏನ್ರಿ? ನಮ್ಮ ಕಾಕಾ ತಿಂಗಳಿಂದ ಊರೆಲ್ಲ ಹುಡುಕಾಕತ್ತಾರ. ನಿಮ್ಮನ್ನ ಕೇಳಿದ್ರ ಎರಡು ನಿಮಿಷದ ಕೆಲಸ ಇತ್ತು."

ನಾನು ತಲೆ ಎತ್ತಿದೆ. ಅವರು ನಗುತ್ತಿದ್ದರು.

"ನಂದೂ ಒಂದು ಅದ್ರಿ. ನನಗ ಎಡಗಿವಿ ಕೇಳಂಗಿಲ್ಲ. ಅದನ್ನ ನಿಮ್ಮ ಮನ್ಯಾಗ ಯಾರೂ ಹೇಳಿರಲಿಕ್ಕಿಲ್ಲ."

ಮದುವೆಯಾಗಿ ಮೂವತ್ತು ವರ್ಷ ದಾಟಿತು. ಇವತ್ತಿಗೂ ನಾನು ನಡೆಯುವುದು ಅವರ ಬಲಗಡೆಗೇ.

ಕಾಕಾನ ಮಾತು ಮೀರಿ ಅವರು ಹಟ ಹಿಡಿದರು. ಸಾವ್ಕಾರ್ರು ಮದುವೆಗೆ ಬಂದು ಮುಂದಿನ ಸಾಲಿನಲ್ಲೇ ಕೂತರು. ಸರ್ ಕಡೆಗೆ ಮಾತ್ರ ತಿರುಗಿ ನೋಡಲಿಲ್ಲ. ಆದರೆ ನಾಲ್ಕೈದು ವರ್ಷದ ಮೇಲೆ ಒಂದು ಮಧ್ಯಾಹ್ನ ಕೋಲೂರಿಕೊಂಡು ಅದೇ ತಗಡಿನ ಶೆಡ್ಡಿಗೆ ಬಂದರು. ನಾನೂ ಅಲ್ಲಿದ್ದೆ. ಕಿಸೆಯಿಂದ ಮಡಚಿದ ಕಾಗದ ತೆಗೆದು, "ಮಾಸ್ತರ, ನಂದು ಮೃತ್ಯುಪತ್ರ ಅದ. ನೀವೇ ಹೊ‌ಡೀರಿ. ಊರಾಗ ಮತ್ತ್ಯಾರ ಬಲ್ಲೂ ಕೊಡ್ಲಿಕ್ಕಿ ಮನಸಿಲ್ಲ," ಎಂದರು. ಸರ್ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅದರಲ್ಲಿ ಏನಿತ್ತೆಂದು ತಿಳಿಯುವ ಆಸೆ ನಮ್ಮ ಮನೆಯವರಿಗೆ ಬಹಳವೇ ಇತ್ತು. ನನ್ನ ಗಂಡ ಒಮ್ಮೆ ಧೈರ್ಯ ಮಾಡಿ ಸರ್ ಹತ್ತಿರ ಕೇಳಲು ಹೋಗಿ, ಒಂದು ಕಪ್ ಚಹಾ ಕುಡಿದು ವಾಪಸು ಬಂದರು.

ಸರ್ ಎಲ್ಲದರಲ್ಲೂ ಸರಿ ಇದ್ದರೆಂದು ನಾನು ಹೇಳುವುದಿಲ್ಲ. ಫೋನ್ ಹಾಕಿಸಿದಾಗ ಡೈರೆಕ್ಟರಿಯಲ್ಲಿ ನಂಬರ್ ಬರದಂತೆ ಬರೆದುಕೊಟ್ಟರು. ಪರೀಕ್ಷೆಯ ಜಾಗ ಬದಲಾದ ಸುದ್ದಿ ಅದರಿಂದ ನಮಗೆ ಮುಟ್ಟಲೇ ಇಲ್ಲ. ಮೂವತ್ತು ಮಕ್ಕಳು ಕಲಬುರಗಿಯಲ್ಲಿ ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಓಡಬೇಕಾಯಿತು. "ನಂಬರ್ ಮುಚ್ಚಿಡೋದು ಬ್ಯಾರೆ, ಮನಿ ಬಾಗಿಲ ಮುಚ್ಚಿಡೋದು ಬ್ಯಾರೆ. ನಾ ಎರಡೂ ಮಾಡ್ದೆ," ಎಂದು ಮಕ್ಕಳ ಮುಂದೆಯೇ ಒಪ್ಪಿಕೊಂಡರು. ಆದರೂ ನಂಬರ್ ಡೈರೆಕ್ಟರಿಗೆ ಹೋಗಲಿಲ್ಲ. ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು, ಅಷ್ಟೇ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಲಬುರಗಿಯಲ್ಲಿ ಇಂಟರ್ನೆಟ್ ಬಂತು. ಸರ್ ಅದರ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಇಟ್ಟಿದ್ದರು. ಒಂದು ಭಾನುವಾರ ಸರ್, ಅಕ್ಕಾರು, ನಾನು, ನನ್ನ ಗಂಡ ನಾಲ್ವರೂ ಬಸ್ ಹಿಡಿದು ಹೋದೆವು. ಒಂದು ಸಣ್ಣ ಅಂಗಡಿ, ಮೂರು ಕಂಪ್ಯೂಟರು. ಅಲ್ಲಿ ಕೂತಿದ್ದ ಹೆಣ್ಣುಮಗಳು ಸರ್ ಹೆಸರಲ್ಲಿ ಒಂದು ಇ-ಮೇಲ್ ವಿಳಾಸ ಮಾಡಿಕೊಡುತ್ತೇನೆಂದಳು. ಪರದೆಯ ಮೇಲೆ ಒಂದು ಫಾರ್ಮು ಬಂತು. ಹೆಸರು, ಊರು, ಹುಟ್ಟಿದ ದಿನ, ಉದ್ಯೋಗ, ವರ್ಷದ ವರಮಾನ, ಏನೇನು ಇಷ್ಟ.

"ಕಾಗದ ಬರೀಲಿಕ್ಕಿ ಇದೆಲ್ಲ ಯಾಕ ಬೇಕವ್ವಾ?" ಎಂದರು ಸರ್.

"ಗೊತ್ತಿಲ್ರಿ. ತುಂಬದಿದ್ರ ಮುಂದಿನ ಪುಟ ಬರಂಗಿಲ್ಲ."

ಕನ್ನಡಕ ತೆಗೆದು ಒರೆಸತೊಡಗಿದರು. ಇನ್ನು ಎದ್ದು ಹೊರಡುತ್ತಾರೆಂದೇ ನಾವು ಅಂದುಕೊಂಡೆವು. ಕನ್ನಡಕ ಹಾಕಿಕೊಂಡವರೇ ಹತ್ತೂ ಬೆರಳು ಇಟ್ಟು, ಕೀಲಿಗಳ ಕಡೆ ನೋಡದೆ, ಸರಸರ ಹೊಡೆದರು. ಊರು ಯಾವುದೋ ಸಮುದ್ರದ ದಂಡೆಯದು. ಉದ್ಯೋಗ ವಿಮಾನ ನಡೆಸುವುದು. ಹುಟ್ಟಿದ ದಿನ ಜನವರಿ ಇಪ್ಪತ್ತು.

ನಾನು ಬಾಯಿ ತೆರೆದುಕೊಂಡು ನಿಂತೆ. "ಸರ್, ನೀವು ಹುಟ್ಟಿದ್ದು ಶ್ರಾವಣದಾಗಲ್ರಿ?"

"ಹೌದು."

"ಮತ್ತ ಸಾವ್ಕಾರ್ರಿಗಿ ಜಡ್ಡೇ ಇರ್ಲಿಲ್ಲ ಅಂತ ಒಂದು ಸುಳ್ಳು ಹೇಳ್ಲಿಲ್ಲ ನೀವು, ಖೋಲಿ ಬಿಟ್ರಿ?"

"ಸಾವ್ಕಾರ ಮನುಷ್ಯಾ ಇದ್ದಾನವ್ವಾ. ಕೇಳಬಾರದು ಅಂದ್ರ ಇವತ್ತಿಲ್ಲ ನಾಳೆ ತಿಳೀತದ. ಇದಕ್ಕ ಯಾರು ತಿಳಿಸಿ ಹೇಳ್ಬೇಕು?"

ವಿಳಾಸವೇನೋ ಆಯಿತು. ಬರೆಯಲು ಇ-ಮೇಲ್ ಇದ್ದವರು ಯಾರೂ ಅವರಿಗೆ ಗೊತ್ತಿರಲಿಲ್ಲ. ತಮಗೆ ತಾವೇ 'ಆರಾಮ ಇದ್ದೀರೇನು?' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದರು. ಎರಡು ನಿಮಿಷಕ್ಕೆ ಅದು ಬಂದು ಮುಟ್ಟಿತು. ಅದನ್ನು ತೆರೆದು ಓದುವಾಗಿನ ಅವರ ಮುಖವನ್ನು ಅಕ್ಕಾರು ಎಷ್ಟೋ ದಿನ ಅಣಕಿಸಿ ತೋರಿಸುತ್ತಿದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ, "ಇದು ಕಾರ್ಡು ಇದ್ದಂಗ, ಇನ್‌ಲ್ಯಾಂಡ್ ಅಲ್ಲ. ದಾರ್ಯಾಗಿನವರೆಲ್ಲ ಓದಬಹುದು. ಆರಾಮ ಇದ್ದೀರೇನು ಅನ್ನೋದ್ರ ಮ್ಯಾಲ ಬರೀಬಾರದು," ಎಂದು ನಮಗೆ ಎಚ್ಚರಿಕೆ ಹೇಳಿದರು.

ಒಂದೆರಡು ವರ್ಷ ಕಳೆದ ಮೇಲೆ ಒಂದು ಜನವರಿ ಇಪ್ಪತ್ತರಂದು ಆ ಯಂತ್ರ ಅವರಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿತು. ಸರ್ ಅವತ್ತೇ ಫೋನ್ ಮಾಡಿ, ನಗು ತಡೆಯಲಾರದೆ, "ತಂಗಿ, ಇವತ್ತ ನನ್ನ ಸುಳ್ಳು ಹುಟ್ಟಿದ ಹಬ್ಬ ಅದ. ಅದಕ್ಕ ಖರೇನೇ ಅನಿಸ್ಯಾದ. ಇಬ್ರೂ ಊಟಕ್ಕ ಬರ್ರಿ," ಎಂದರು. ಅಕ್ಕಾರು ಶೇಂಗಾದ ಹೋಳಿಗೆ ಮಾಡಿದ್ದರು. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅದು ನಡೆಯಿತು. ಶ್ರಾವಣದಲ್ಲಿ ಬರುವ ನಿಜವಾದ ದಿನವನ್ನು ಅವರು ಎಂದೂ ಆಚರಿಸಿಕೊಂಡವರಲ್ಲ.

ಈ ಜನವರಿಯಲ್ಲಿ ಹತ್ತೊಂಬತ್ತನೇ ತಾರೀಖು ಅಕ್ಕಾರ ಫೋನು ಬಂತು.

"ನಾಳೆ ಇಪ್ಪತ್ತು, ನೆನಪದ ಅಲ್ಲೇನು? ಶೇಂಗಾ ಹುರದೀನಿ. ಬರ್ರಿ."

ಹೋದೆವು. ಮಹಬೂಬ್ ಚಾಚಾನ ಮಗ ಬಂದಿದ್ದ, ಟೈಪಿಂಗ್ ಕಲಿತ ನಾಲ್ಕೈದು ಮಂದಿ ಬಂದಿದ್ದರು. ಆ ಇ-ಮೇಲಿನ ಪಾಸ್‌ವರ್ಡ್ ಅಕ್ಕಾರಿಗೂ ಗೊತ್ತಿಲ್ಲ, ಅವರ ಮಗನಿಗೂ ಗೊತ್ತಿಲ್ಲ. ಸರ್ ಯಾರಿಗೂ ಹೇಳಿರಲಿಲ್ಲ. ಶುಭಾಶಯ ಬಂದಿರಬೇಕು, ತೆರೆಯುವವರಿಲ್ಲದೆ ಅಲ್ಲೇ ಕೂತಿರಬೇಕು. ಊಟಕ್ಕೆ ಕೂತಾಗ ಯಾರೋ ಅದನ್ನು ಹೇಗಾದರೂ ತೆರೆಸಬಹುದಲ್ಲ ಎಂದರು. ಅಕ್ಕಾರು ಹೋಳಿಗೆಯ ಮೇಲೆ ತುಪ್ಪ ಹಾಕುತ್ತ, "ಬ್ಯಾಡ. ಅದು ಅವರದು," ಎಂದರು. ನಾವೆಲ್ಲ ಹೊಟ್ಟೆ ತುಂಬ ಉಂಡೆವು.